ನಿಮ್ಮ ಶಾಲೆಯ ಡ್ರಾಯಿಂಗ್ ಟೀಚರ್ ಈಗ ಯಾವ ಚಿತ್ರ ಬರೆಯುತ್ತಿದ್ದಾರೆ?

ಶಾಲೆಗಳ ಮುಖ್ಯಸ್ಥರಿಗೆ, ಆಡಳಿತ ಮಂಡಳಿಯವರಿಗೆ, ಮುಖ್ಯವಾಗಿ ಟೈಮ್‌ಟೇಬಲ್ ಹಾಕುವವರಿಗೆ,

ನಮಸ್ಕಾರ.

ಒಂದು ಪ್ರಶ್ನೆ ಕೇಳಿಯೇ ಶುರು ಮಾಡುತ್ತೇನೆ. ನಿಮ್ಮ ಶಾಲೆಯ ಡ್ರಾಯಿಂಗ್ ಟೀಚರ್ ಈಗ ಯಾವ ಚಿತ್ರ ಬರೆಯುತ್ತಿದ್ದಾರೆ? ವಾರ್ಷಿಕೋತ್ಸವದ ಪರದೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗೇಟಿನ ಹತ್ತಿರ ಕಟ್ಟುವ ಸ್ವಾಗತದ ಬೋರ್ಡನ್ನೂ ಬಿಟ್ಟುಬಿಡಿ. ಯಾರೂ ಹೇಳದೆ, ತಮಗೇ ಬೇಕು ಅನ್ನಿಸಿ ಅವರು ಶುರು ಮಾಡಿದ ಚಿತ್ರದ ಬಗ್ಗೆ ಕೇಳುತ್ತಿದ್ದೇನೆ.

ಗೊತ್ತಿಲ್ಲದಿದ್ದರೆ ಆಶ್ಚರ್ಯವೇನಿಲ್ಲ. ಅವರೇ ಹೇಳಿರುವುದಿಲ್ಲ. ಚಿತ್ರಕಲೆ ಕಲಿಸುವ ನಾವು ಸ್ವಂತ ಕೆಲಸದ ಮಾತನ್ನು ಸ್ಟಾಫ್ ರೂಮಿನಲ್ಲಿ ಎತ್ತುವುದು ಕಡಿಮೆ. ಎತ್ತಿದರೆ ಏನು ಉತ್ತರ ಬರುತ್ತದೆ ಅಂತ ಗೊತ್ತು. "ನಿಮಗೇನಪ್ಪ, ಆರಾಮ. ಕರೆಕ್ಷನ್ ಇಲ್ಲ, ಪೋರ್ಷನ್ ಇಲ್ಲ, ಚಿತ್ರ ಬರ್ಕೊಂಡು ಇರಬಹುದು." ಮರುದಿನ ಯಾರೋ ರಜೆ ಹಾಕಿದ ಕ್ಲಾಸಿಗೆ ಕಳಿಸಲು ಮೊದಲು ನೆನಪಾಗುವುದು ನಮ್ಮ ಹೆಸರೇ. ಹಾಗಾಗಿ ಸುಮ್ನೆ ಇರುವುದನ್ನು ಕಲಿತಿದ್ದೇವೆ.

ತುಂಬಾ ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ನಾನು ಹೇಳಬೇಕಾಗಿರುವುದು ಒಂದೇ ಮಾತು. ಚಿತ್ರ ಕಲಿಸುವವರು ತಾವೂ ಚಿತ್ರ ಬರೆಯುತ್ತಿರಬೇಕು. ಅದಕ್ಕೆ ಬೇಕಾದ ಸಮಯವನ್ನು ಅವರ ನಿದ್ದೆಯಿಂದ ಕಿತ್ತುಕೊಳ್ಳಬೇಡಿ, ನಿಮ್ಮ ಟೈಮ್‌ಟೇಬಲಿನಿಂದ ಕೊಡಿ. ಇದನ್ನು ಕೇಳಿದ ತಕ್ಷಣ "ಅದು ಅವರ ಹವ್ಯಾಸ ಅಲ್ವಾ, ಶಾಲೆಗೇನು ಸಂಬಂಧ?" ಅಂತ ಅನ್ನಿಸುತ್ತದೆ. ಸಂಬಂಧ ಇದೆ. ಅದನ್ನು ತೋರಿಸಲೆಂದೇ ಈ ಪತ್ರ.

ವಾಟರ್ ಕಲರ್‌ನಲ್ಲಿ ಆಕಾಶ ಬರೆಯುವುದನ್ನೇ ತೆಗೆದುಕೊಳ್ಳಿ. ಮಕ್ಕಳೆಲ್ಲ ಕೇಳುವ ಪಾಠ ಅದು. ಮೊದಲು ಹಾಳೆಯನ್ನು ಒದ್ದೆ ಮಾಡಬೇಕು. ಮೇಲೆ ನೀರು ನಿಂತು ಹೊಳೆಯುತ್ತಿರುವಾಗ ಬಣ್ಣ ಮುಟ್ಟಿಸಿದರೆ ಅದು ದಿಕ್ಕಾಪಾಲಾಗಿ ಓಡುತ್ತದೆ. ಪೂರ್ತಿ ಆರಿದ ಮೇಲೆ ಹಚ್ಚಿದರೆ ಅಂಚು ಗಟ್ಟಿಯಾಗಿ ಗೆರೆ ಬೀಳುತ್ತದೆ. ಇವೆರಡರ ಮಧ್ಯೆ ಒಂದು ಗಳಿಗೆ ಇದೆ. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಹೊಳಪು ಮೆಲ್ಲಗೆ ಮಂಕಾಗುತ್ತಾ ಬರುವುದು ಕಾಣುತ್ತದೆ. ಆಗಲೇ ಬ್ರಷ್ ಇಡಬೇಕು. ಅರ್ಧ ಒಣಗಿದ ಜಾಗಕ್ಕೆ ನೀರು ಜಾಸ್ತಿ ಇರುವ ಬ್ರಷ್ ತಗಲಿದರೆ ಅಂಚು ಮುರುಟಿದ ಒಂದು ಕಲೆ ಏಳುತ್ತದೆ. ಅದನ್ನು ಅಳಿಸಲು ಆಗುವುದಿಲ್ಲ. ಅನುಭವ ಇರುವವರು ಅದನ್ನೇ ಮೋಡ ಮಾಡಿಕೊಳ್ಳುತ್ತಾರೆ.

ಈ ಗಳಿಗೆ ಯಾವಾಗ ಬರುತ್ತದೆ ಅಂತ ಯಾವ ಪಠ್ಯಪುಸ್ತಕವೂ ನಿಮಿಷದಲ್ಲಿ ಹೇಳಲಾರದು. ಹಾಳೆ ಎಷ್ಟು ದಪ್ಪ, ಗಾಳಿ ಎಷ್ಟಿದೆ, ಬಿಸಿಲೋ ಮಳೆಯೋ, ಎಲ್ಲದರ ಮೇಲೂ ನಿಂತಿದೆ. ಅದು ಕೈಗೆ ಮತ್ತು ಕಣ್ಣಿಗೆ ಮಾತ್ರ ಗೊತ್ತಿರುವ ವಿಷಯ. ಕೈ ಬಿಟ್ಟರೆ ಮರೆತೂ ಹೋಗುತ್ತದೆ. ಹೋದ ವಾರ ಸ್ವಂತ ಚಿತ್ರದಲ್ಲಿ ಆಕಾಶ ಕೆಡಿಸಿಕೊಂಡು ಒದ್ದಾಡಿದ ಟೀಚರ್, ಈ ವಾರ ಮಗುವಿನ ಹಾಳೆಯ ಮೇಲೆ ಅದೇ ಕಲೆ ಏಳುತ್ತಿರುವುದನ್ನು ನೋಡಿದರೆ ಏನು ಹೇಳಬೇಕು ಅಂತ ಅವರಿಗೆ ಆ ಕ್ಷಣಕ್ಕೆ ಹೊಳೆಯುತ್ತದೆ. ವರ್ಷಗಟ್ಟಲೆ ಬ್ರಷ್ ಹಿಡಿಯದವರು "ನೀರು ಕಮ್ಮಿ ಹಾಕು" ಅಂತಷ್ಟೇ ಹೇಳಬಲ್ಲರು. ಈಜು ಬಿಟ್ಟು ಎಷ್ಟೋ ಕಾಲವಾದವರು ದಡದಲ್ಲಿ ನಿಂತು ಕಾಲು ಬಡಿ, ಕೈ ಬೀಸು ಅಂದ ಹಾಗೆ.

ಈಗ ನಿಮ್ಮ ಪೀರಿಯಡ್‌ಗೆ ಬನ್ನಿ. 40 ನಿಮಿಷ ಅಂತಿಟ್ಟುಕೊಳ್ಳೋಣ. ಮಕ್ಕಳು ಸಾಲಾಗಿ ಬಂದು ಕೂರಲು 5 ನಿಮಿಷ. ಹಾಳೆ, ಬ್ರಷ್, ನೀರಿನ ಲೋಟ ಹಂಚಲು ಇನ್ನೊಂದು 5. ಕೊನೆಯಲ್ಲಿ ಲೋಟ ತೊಳೆದು, ಡೆಸ್ಕ್ ಒರೆಸಿ, ಒದ್ದೆ ಹಾಳೆಗಳನ್ನು ಎಲ್ಲೋ ಹರಡಿ ಇಡಲು ಕಡಿಮೆ ಅಂದರೂ 10. ಉಳಿದದ್ದು 20. ಅಷ್ಟರೊಳಗೆ ಹಾಳೆ ಒದ್ದೆ ಮಾಡಿ, ಕಾದು, ಬಣ್ಣ ಹಾಕಿ, ಅದು ಆರಿ, ಮೇಲೆ ಇನ್ನೊಂದು ಪದರ ಹಚ್ಚಬೇಕು. ಆಗುವುದಿಲ್ಲ. ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಒಳ್ಳೆಯ ಟೀಚರ್ ಕೂಡ ವಾಟರ್ ಕಲರ್ ಬಿಟ್ಟು ಕ್ರೇಯಾನ್ ಹಿಡಿಸುತ್ತಾರೆ. ಕೊನೆಗೆ ಪ್ರಿಂಟ್ ಹಾಕಿದ ಗೆರೆಚಿತ್ರ ಕೊಟ್ಟು "ಒಳಗೆ ಬಣ್ಣ ತುಂಬಿ, ಗೆರೆ ದಾಟಬೇಡಿ" ಅನ್ನುವ ಮಟ್ಟಕ್ಕೆ ಬರುತ್ತಾರೆ. ಅವರಿಗೆ ಬೇರೆ ಗೊತ್ತಿಲ್ಲ ಅಂತಲ್ಲ. ಬೆಲ್ ಹೊಡೆಯುತ್ತದೆ, ಅಷ್ಟೇ.

ಹಾಗೆಯೇ ನಿಮ್ಮ ಕಾರಿಡಾರಿನ ಡಿಸ್‌ಪ್ಲೇ ಬೋರ್ಡ್ ಕೂಡ. ಅದರ ಮೇಲೆ 30 ಮಕ್ಕಳ 30 ಚಿತ್ರ. ಎಲ್ಲದರಲ್ಲೂ ಅದೇ ಮೂಲೆಯಲ್ಲಿ ಸೂರ್ಯ, ಅದೇ ಎರಡು ಬೆಟ್ಟ, ಅದೇ ಹರಿಯುವ ನದಿ. ನೋಡಲು ಬಂದವರಿಗೆ ಖುಷಿ. "ಎಷ್ಟು ನೀಟಾಗಿದೆ!" ನಮ್ಮ ವೃತ್ತಿಯಲ್ಲಿರುವವರಿಗೆ ಮಾತ್ರ ಅದನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ: ಟೀಚರ್ ಬೋರ್ಡಿನ ಮೇಲೆ ಒಂದು ಮಾದರಿ ಬರೆದಿದ್ದಾರೆ, ಮಕ್ಕಳು ನಕಲು ಮಾಡಿದ್ದಾರೆ. ಮಾದರಿ ಇಟ್ಟರೆ ನಕಲೇ ಬರುವುದು. ವಿಯೆನ್ನಾದಲ್ಲಿ ಫ್ರಾನ್ಜ್ ಚಿಜೆಕ್ ಅನ್ನುವ ಚಿತ್ರಕಲೆಯ ಮೇಷ್ಟ್ರು 1897ರಲ್ಲೇ ಮಕ್ಕಳಿಗಾಗಿ ಚಿತ್ರಕಲೆಯ ತರಗತಿ ತೆರೆದು, ದೊಡ್ಡವರ ಚಿತ್ರ ನಕಲು ಮಾಡಿಸುವುದನ್ನು ಬಿಟ್ಟು ಮಕ್ಕಳು ತಮ್ಮ ಮನಸ್ಸಿನಲ್ಲಿ ಇರುವುದನ್ನು ಬರೆಯಲಿ ಅಂದರು. ನೂರಕ್ಕೂ ಹೆಚ್ಚು ವರ್ಷ ಆಯಿತು. ನಾವಿನ್ನೂ ಎರಡು ಬೆಟ್ಟದ ನಡುವೆಯೇ ಇದ್ದೇವೆ.

ಇದಕ್ಕೂ ಟೀಚರ್ ಸ್ವಂತ ಕೆಲಸ ಮಾಡುವುದಕ್ಕೂ ಏನು ಸಂಬಂಧ ಅಂದಿರಾ? ತಾವೇ ಹೊಸದೊಂದನ್ನು ಹುಡುಕುತ್ತಿರುವವರಿಗೆ ಮಗುವಿನ ಹಾಳೆಯ ಮೇಲೆ ಏನೋ ವಿಚಿತ್ರ ಮೂಡಿದಾಗ ಭಯ ಆಗುವುದಿಲ್ಲ. ನೇರಳೆ ಮರ, ಕಾಲಿಲ್ಲದ ಕುದುರೆ, ಹಾಳೆಯ ಒಂದು ಮೂಲೆಗೆ ಮುದುಡಿಕೊಂಡ ಮನೆ. "ಇದು ತಪ್ಪು" ಅನ್ನುವ ಬದಲು "ಇದು ಹೇಗೆ ಬಂತು?" ಅಂತ ಕೇಳುತ್ತಾರೆ. ಬರೆಯುವುದನ್ನು ಬಿಟ್ಟವರಿಗೆ ಆ ಧೈರ್ಯ ನಿಧಾನಕ್ಕೆ ಹೋಗುತ್ತದೆ. ಸುರಕ್ಷಿತವಾದದ್ದು ಮಾದರಿ ಚಿತ್ರ. ಅದರ ಹಿಂದೆ ಅಡಗಿಕೊಳ್ಳುತ್ತಾರೆ.

ಇನ್ನೊಂದು ವಿಷಯ ಇದೆ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ನಾವೂ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಸಮಯ ಇಲ್ಲದಿರುವುದಕ್ಕಿಂತ ನಮ್ಮನ್ನು ಜಾಸ್ತಿ ಕಾಡುವುದು ಕೈಗೆ ಅಂಟಿಕೊಳ್ಳುವ ಪಾಠ. ದಿನವಿಡೀ "ಮೊದಲು ಒಂದು ವೃತ್ತ, ಆಮೇಲೆ ಕೆಳಗೊಂದು ಅಂಡಾಕಾರ, ಈಗ ಎರಡು ಕಿವಿ" ಅಂತ ಹಂತ ಹಂತವಾಗಿ ಬರೆದು ತೋರಿಸಿರುತ್ತೇವೆ. ಸಂಜೆ ಸ್ವಂತ ಹಾಳೆಯ ಮುಂದೆ ಕೂತರೆ ಕೈ ಅದೇ ದಾರಿ ಹಿಡಿಯುತ್ತದೆ. ಗೆರೆ ಸಲೀಸಾಗಿ ಬರುತ್ತದೆ, ಅಚ್ಚುಕಟ್ಟಾಗಿ ಬರುತ್ತದೆ. ನೋಡಿದರೆ ಜೀವ ಇರುವುದಿಲ್ಲ. ಯಾರಿಗಾದರೂ ವಿವರಿಸಬಹುದಾದ ಚಿತ್ರವನ್ನೇ ಬರೆಯಲು ಶುರು ಮಾಡಿರುತ್ತೇವೆ. ಈ ಅಭ್ಯಾಸ ಕಳಚಿಕೊಳ್ಳಲು ಒಂದೆರಡು ಗಂಟೆ ಸುಮ್ನೆ ಗೀಚಬೇಕು, ಕೆಡಿಸಬೇಕು, ಹರಿದು ಹಾಕಬೇಕು. ಕೈ ನಮ್ಮದಾಗುವ ಹೊತ್ತಿಗೆ ಮಲಗುವ ಹೊತ್ತಾಗಿರುತ್ತದೆ. ಬೆಳಿಗ್ಗೆ ಮತ್ತೆ ವೃತ್ತ, ಅಂಡಾಕಾರ, ಎರಡು ಕಿವಿ.

ಹಾಗಾಗಿ ದಿನಕ್ಕೆ ಅರ್ಧ ಗಂಟೆಯ ಚೂರುಗಳನ್ನು ಕೊಟ್ಟರೆ ನಮಗೆ ಉಪಯೋಗವಿಲ್ಲ. ಒಟ್ಟಿಗೆ ಇರುವ, ಯಾರೂ ಮುಟ್ಟದ ಸಮಯ ಬೇಕು.

ಸಮಯ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಜಾರ್ಜಿಯಾ ಓಕೀಫ್ ಅವರ ಕಥೆ ನೋಡಿ. ದೊಡ್ಡ ದೊಡ್ಡ ಹೂಗಳ ಚಿತ್ರಗಳಿಂದ ಅವರ ಹೆಸರು ಬಹಳ ಜನಕ್ಕೆ ಗೊತ್ತು. ಅವರು ಟೀಚರ್ ಆಗಿದ್ದರು ಅನ್ನುವುದು ಅಷ್ಟು ಗೊತ್ತಿಲ್ಲ. 1912ರಿಂದ 1914ರವರೆಗೆ ಟೆಕ್ಸಾಸ್‌ನ ಅಮರಿಲೊದಲ್ಲಿ ಶಾಲಾ ಮಕ್ಕಳಿಗೆ ಕಲಿಸಿದರು. 1915ರಲ್ಲಿ ಸೌತ್ ಕೆರೊಲಿನಾದ ಕೊಲಂಬಿಯಾ ಕಾಲೇಜಿಗೆ ಬಂದಾಗ ಅಲ್ಲಿ ತರಗತಿಗಳ ಹೊರೆ ಕಡಿಮೆ ಇತ್ತು. ಆ ಬಿಡುವಿನಲ್ಲಿ ಅವರು ಬಣ್ಣ ಬದಿಗಿಟ್ಟು ಬರೀ ಇದ್ದಿಲಿನಲ್ಲಿ ಬರೆಯಲು ಕೂತರು. ಯಾರು ಯಾರೋ ಕಲಿಸಿದ್ದನ್ನೆಲ್ಲ ಬಿಟ್ಟು ತಮ್ಮೊಳಗೆ ಏನಿದೆ ಅಂತ ಹುಡುಕಿದ ಚಿತ್ರಗಳು ಅವು. ಗೆಳತಿಯೊಬ್ಬರಿಗೆ ಸುರುಳಿ ಸುತ್ತಿ ಕಳಿಸಿದರು. ಆ ಗೆಳತಿ ನ್ಯೂಯಾರ್ಕ್‌ನ ಆಲ್‌ಫ್ರೆಡ್ ಸ್ಟೀಗ್ಲಿಟ್ಜ್ ಅನ್ನುವ, ಅಲ್ಲಿ ಗ್ಯಾಲರಿ ನಡೆಸುತ್ತಿದ್ದ ಛಾಯಾಗ್ರಾಹಕರಿಗೆ ತೋರಿಸಿದರು. 1916ರಲ್ಲಿ ಅವು ಗ್ಯಾಲರಿಯ ಗೋಡೆ ಏರಿದವು. ಆ ಕಾಲೇಜಿನ ಟೈಮ್‌ಟೇಬಲ್ ತುಂಬಿ ತುಳುಕುತ್ತಿದ್ದರೆ ಆ ಇದ್ದಿಲು ಚಿತ್ರಗಳು ಆಗ ಬರುತ್ತಿದ್ದವೋ ಇಲ್ಲವೋ.

ಸಮಯ ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಚಿತ್ರ ಕಲಾವಿದೆ ಆಲ್ಮಾ ಥಾಮಸ್ ಇದ್ದಾರೆ. 1924ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಿಂದ ಲಲಿತಕಲೆಯಲ್ಲಿ ಪದವಿ ಪಡೆದರು. ಆ ವಿಭಾಗದಿಂದ ಪದವಿ ಪಡೆದ ಮೊದಲಿಗರು ಅವರೇ. ಅದಾದ ಮೇಲೆ ವಾಷಿಂಗ್ಟನ್‌ನ ಶಾ ಜೂನಿಯರ್ ಹೈಸ್ಕೂಲಿನಲ್ಲಿ 1960ರಲ್ಲಿ ನಿವೃತ್ತರಾಗುವವರೆಗೂ, ಸುಮಾರು 35 ವರ್ಷ, ಮಕ್ಕಳಿಗೆ ಚಿತ್ರ ಕಲಿಸಿದರು. ಬೇಸಿಗೆ ರಜೆಗಳಲ್ಲಿ ತಾವೇ ವಿದ್ಯಾರ್ಥಿಯಾಗಿ ಹೋಗಿ 1934ರಲ್ಲಿ ಎಂ.ಎ. ಮುಗಿಸಿದರು. ಚಿತ್ರ ಬರೆಯುವುದನ್ನು ಎಂದೂ ನಿಲ್ಲಿಸಲಿಲ್ಲ. ಆದರೆ ಇಂದು ಅವರ ಹೆಸರು ಹೇಳಿದ ಕೂಡಲೇ ಕಣ್ಣ ಮುಂದೆ ಬರುವ ಕೆಲಸ, ಸಣ್ಣ ಸಣ್ಣ ಬಣ್ಣದ ತುಂಡುಗಳನ್ನು ಸಾಲಾಗಿ, ವೃತ್ತಾಕಾರವಾಗಿ ಜೋಡಿಸಿದ ಆ ದೊಡ್ಡ ಕ್ಯಾನ್‌ವಾಸ್‌ಗಳು, ಹುಟ್ಟಿದ್ದು ನಿವೃತ್ತಿಯ ನಂತರ. ಆಗ ಕೀಲುನೋವು ಬೇರೆ. 1972ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂನಲ್ಲಿ ಅವರದೇ ಪ್ರದರ್ಶನ ನಡೆಯಿತು. ಅಲ್ಲಿ ಏಕವ್ಯಕ್ತಿ ಪ್ರದರ್ಶನ ಕಂಡ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅವರು. ಆಗ ವಯಸ್ಸು 80.

ಈ ಕಥೆಯನ್ನು ಎಲ್ಲರೂ "ಕನಸಿಗೆ ವಯಸ್ಸಿಲ್ಲ" ಅಂತ ಸ್ಫೂರ್ತಿಗೆ ಹೇಳುತ್ತಾರೆ. ನನಗೆ ಕೇಳಿದಾಗಲೆಲ್ಲ ಸಂಕಟ ಆಗುತ್ತದೆ. ಅಷ್ಟು ಶಕ್ತಿ ಇದ್ದವರಿಗೆ ಪೂರ್ತಿ ದಿನ ಸಿಗಲು ನಿವೃತ್ತಿಯೇ ಬರಬೇಕಾಯಿತಲ್ಲ! ಮಕ್ಕಳಿಗೆ ಅವರು ಕಡಿಮೆಯೇನೂ ಕೊಡಲಿಲ್ಲ. ಕ್ಲಬ್ ನಡೆಸಿದರು, ಬೊಂಬೆಯಾಟ ಮಾಡಿಸಿದರು, 1938ರಲ್ಲಿ ಆ ನಗರದ ಸರ್ಕಾರಿ ಶಾಲೆಗಳಲ್ಲೇ ಮೊದಲನೆಯದಾದ ಆರ್ಟ್ ಗ್ಯಾಲರಿಯನ್ನೂ ಶುರು ಮಾಡಿದರು. ಆದರೆ ಆ ಬಣ್ಣದ ತುಂಡುಗಳು ಒಂದೊಂದಾಗಿ ಕೂರುವುದನ್ನು, ಅವರು ಒಂದನ್ನು ಇಟ್ಟು ಹಿಂದೆ ಸರಿದು ನೋಡುವುದನ್ನು, ಅವರ ಶಾಲಾ ಮಕ್ಕಳು ನೋಡಿದ್ದರೆ? ಆ ಪಾಠ ಯಾರಿಗೂ ಸಿಗಲಿಲ್ಲ.

ಮಾರ್ಕ್ ರಾಥ್ಕೊ ಅವರ ವಿಷಯದಲ್ಲಿ ಕಲಿಸುವುದು, ಸ್ವಂತ ಚಿತ್ರ ಬರೆಯುವುದು ಎರಡೂ ಒಟ್ಟಿಗೆ ಇದ್ದವು. ದೊಡ್ಡ ಬಣ್ಣದ ಚೌಕಗಳು ಒಂದರ ಮೇಲೊಂದು ತೇಲುವಂತೆ ಕಾಣುವ ಅವರ ಚಿತ್ರಗಳನ್ನು ನೀವೂ ಎಲ್ಲೋ ನೋಡಿರುತ್ತೀರಿ. 1929ರಿಂದ 1952ರವರೆಗೆ ಅವರು ಬ್ರೂಕ್ಲಿನ್‌ನ ಒಂದು ಯಹೂದಿ ಕೇಂದ್ರದ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಮಾಡಿದರು. ಮಕ್ಕಳು ಹೇಗೆ ಬರೆಯುತ್ತಾರೆ ಅಂತ ನೋಡಿ ನೋಡಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರು. 1933ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದಾಗ, ತಮ್ಮ ಚಿತ್ರಗಳ ಜೊತೆಗೆ ತಮ್ಮ ಶಾಲಾ ಮಕ್ಕಳ ಚಿತ್ರಗಳನ್ನೂ ತೂಗುಹಾಕಿದರು. ನನಗೆ ಈ ಸಂಗತಿ ತುಂಬಾ ಇಷ್ಟ. ಮೊದಲ ಪ್ರದರ್ಶನ ಅಂದರೆ ಯಾವ ಕಲಾವಿದರಾದರೂ ಒಂದಿಂಚು ಗೋಡೆಯನ್ನೂ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಅವರು ಬಿಟ್ಟುಕೊಟ್ಟರು, ಅದೂ ಮಕ್ಕಳಿಗೆ.

ಶಾಲೆಯೇ ಮುಂದೆ ಬಂದು ಟೀಚರ್‌ಗೆ ಕೆಲಸ ಮಾಡುವ ಜಾಗ ಕಟ್ಟಿಕೊಟ್ಟ ಉದಾಹರಣೆಯೂ ಇದೆ. ಜರ್ಮನಿಯ ಬಾಹೌಸ್ ಅನ್ನುವ ಕಲಾಶಾಲೆ 1926ರಲ್ಲಿ ಡೆಸ್ಸೌನಲ್ಲಿ ತನ್ನ ಗುರುಗಳಿಗೆ ಮನೆಗಳನ್ನು ಕಟ್ಟಿಸಿದಾಗ ಅವುಗಳಲ್ಲಿ ಚಿತ್ರ ಬರೆಯಲೆಂದೇ ಸ್ಟುಡಿಯೊಗಳನ್ನೂ ಇಟ್ಟಿತು. ಅಲ್ಲಿ ಕಲಿಸುತ್ತಿದ್ದ ಚಿತ್ರ ಕಲಾವಿದರಾದ ಪಾಲ್ ಕ್ಲೀ ಮತ್ತು ವಾಸಿಲಿ ಕ್ಯಾಂಡಿನ್‌ಸ್ಕಿ ಗೋಡೆ ಹಂಚಿಕೊಂಡ ಜೋಡಿ ಮನೆಯಲ್ಲಿದ್ದರು. ಕ್ಲೀ ಪಾಠಕ್ಕೆಂದು ಬರೆದಿಟ್ಟ ಟಿಪ್ಪಣಿಗಳೇ ಸುಮಾರು 3,900 ಪುಟ. ಸ್ವಂತ ಕೆಲಸ ಮಾಡುವ ಟೀಚರ್ ಪಾಠ ಕಡೆಗಣಿಸುತ್ತಾರೆ ಅನ್ನುವವರು ಆ ಪುಟಗಳನ್ನು ಒಮ್ಮೆ ತಿರುವಿ ನೋಡಬೇಕು. ಗೆರೆ ಎಲ್ಲಿಂದ ಹೊರಡುತ್ತದೆ, ಬಣ್ಣ ಹೇಗೆ ತೂಗುತ್ತದೆ ಅಂತ ತಮ್ಮ ಕೈ ಮಾಡಿದ್ದನ್ನೇ ಮತ್ತೆ ಬಿಡಿಸಿ ನೋಡಿ ಬರೆದ ಪುಟಗಳು ಅವು.

ಅದೇ ಬಾಹೌಸ್‌ನ ಹಳೆಯ ವಿದ್ಯಾರ್ಥಿನಿ ಫ್ರೀಡ್ಲ್ ಡಿಕರ್ ಬ್ರಾಂಡೈಸ್. ಅವರ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. 1942ರ ಡಿಸೆಂಬರ್‌ನಲ್ಲಿ ನಾಜಿಗಳು ಅವರನ್ನು ಯಹೂದಿಗಳನ್ನು ಕೂಡಿಹಾಕುತ್ತಿದ್ದ ಟೆರೆಜಿನ್ ಘೆಟ್ಟೊಗೆ ಸಾಗಿಸಿದರು. ಜೊತೆಗೆ ಒಯ್ಯಲು ಬಿಟ್ಟ ಸಾಮಾನು ಅಷ್ಟಿಷ್ಟು. ಅದರಲ್ಲೂ ಅವರು ಚಿತ್ರಕ್ಕೆ ಬೇಕಾದ ಸಾಮಗ್ರಿ ತುಂಬಿಕೊಂಡರು. ಅಲ್ಲಿನ ಮಕ್ಕಳಿಗೆ, ತಾವು ಬಾಹೌಸ್‌ನಲ್ಲಿ ಗುರು ಯೋಹಾನೆಸ್ ಇಟ್ಟೆನ್ ಅವರಿಂದ ಕಲಿತ ಲಯದ ಅಭ್ಯಾಸಗಳನ್ನೇ ಹಳೆಯ ಕಾಗದದ ಚೂರುಗಳ ಮೇಲೆ ಮಾಡಿಸಿದರು. ಪ್ರತಿ ಮಗುವೂ ಚಿತ್ರದ ಮೇಲೆ ತನ್ನ ಹೆಸರು ಬರೆಯಬೇಕು ಅಂತ ಹೇಳುತ್ತಿದ್ದರು. 1944ರ ಅಕ್ಟೋಬರ್‌ನಲ್ಲಿ ಅವರನ್ನು ಆಶ್‌ವಿಟ್ಜ್‌ಗೆ ಕಳಿಸಿ ಕೊಂದರು. ಹೊರಡುವ ಮೊದಲು ಎರಡು ಸೂಟ್‌ಕೇಸುಗಳಲ್ಲಿ ಮಕ್ಕಳ ಸುಮಾರು 4,500 ಚಿತ್ರಗಳನ್ನು ಉಳಿಸಿ ಹೋಗಿದ್ದರು. ಅವು ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ. ಆ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಅಂಥ ಜಾಗದಲ್ಲೂ ಅವರು ಮಕ್ಕಳ ಕೈಗೆ ಕೊಟ್ಟದ್ದು ಸಮಯ ಕಳೆಯುವ ಆಟವನ್ನಲ್ಲ, ತಮ್ಮ ಸ್ವಂತ ಕಲೆಯ ಬೇರನ್ನೇ.

"ಬಾಹೌಸ್, ಕ್ಲೀ ಎಲ್ಲ ಸರಿ. ನಮ್ಮದು ಮಾಮೂಲಿ ಶಾಲೆ" ಅನ್ನುತ್ತೀರಿ. ಒಪ್ಪಿದೆ. ಆದರೆ ಆಲ್ಮಾ ಥಾಮಸ್ ಕಲಿಸಿದ್ದೂ ಮಾಮೂಲಿ ಶಾಲೆಯಲ್ಲೇ, ರಾಥ್ಕೊ ಮುಂದೆ ಕೂತಿದ್ದವರೂ ಪುಟ್ಟ ಮಕ್ಕಳೇ. ಇನ್ನು ಟೀಚರ್ ತಮ್ಮ ಸ್ವಂತ ಕೆಲಸ ಮಾಡುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ನೋಡಬೇಕು ಅನ್ನುವುದು ಶಾಂತಿನಿಕೇತನದಲ್ಲಿ ದಿನದ ಮಾತಾಗಿತ್ತು. ನಂದಲಾಲ್ ಬೋಸ್ ಅಲ್ಲಿನ ಕಲಾ ವಿಭಾಗವಾದ ಕಲಾಭವನದ ಹೊಣೆ ಹೊತ್ತಿದ್ದ ಕಾಲ ಅದು. ಅಲ್ಲಿ ಕಲಿಸುತ್ತಿದ್ದ ಶಿಲ್ಪಿ ರಾಮಕಿಂಕರ್ ಬೈಜ್ 1938ರಲ್ಲಿ ಸಂತಾಲ ಬುಡಕಟ್ಟಿನ ಕುಟುಂಬದ ದೊಡ್ಡ ಶಿಲ್ಪವನ್ನು ಸಿಮೆಂಟು ಮತ್ತು ಕೆಂಪು ಜಲ್ಲಿ ಕಲಸಿ ಬಯಲಿನಲ್ಲೇ ನಿಲ್ಲಿಸಿದರು. ಅಲ್ಲಿನ ಇನ್ನೊಬ್ಬ ಮೇಷ್ಟ್ರು ಬಿನೋದ್ ಬಿಹಾರಿ ಮುಖರ್ಜಿ 1947ರಲ್ಲಿ ಹಿಂದಿ ಭವನದ ಗೋಡೆಗಳ ಮೇಲೆ ಸಂತರ ಚಿತ್ರ ಬರೆಯುವಾಗ ವಿದ್ಯಾರ್ಥಿಗಳು ಪಕ್ಕದಲ್ಲೇ ನಿಂತು ಕೈ ಜೋಡಿಸಿದರು. ಅವರಲ್ಲೊಬ್ಬರಾದ ಕೆ.ಜಿ. ಸುಬ್ರಮಣ್ಯನ್ ಮುಂದೆ ಬರೋಡಾದಲ್ಲಿ, ಆಮೇಲೆ ಅದೇ ಶಾಂತಿನಿಕೇತನದಲ್ಲಿ ತಾವೇ ಮೇಷ್ಟ್ರಾದರು. ಕಣ್ಣಿನ ದೃಷ್ಟಿ ಪೂರ್ತಿ ಹೋದ ಮೇಲೂ ಬಿನೋದ್ ಬಿಹಾರಿ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡುವುದನ್ನು ಬಿಡಲಿಲ್ಲ.

ಈಗ ನಮ್ಮ ಶಾಲೆಗಳಿಗೆ ಬರೋಣ. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ವಾರ್ಷಿಕೋತ್ಸವ ಹತ್ತಿರ ಬಂತು ಅಂದರೆ ಡ್ರಾಯಿಂಗ್ ಪೀರಿಯಡ್‌ಗಳೆಲ್ಲ ಥರ್ಮಾಕೋಲ್ ಪೀರಿಯಡ್‌ಗಳಾಗುತ್ತಿದ್ದವು. ಕೋಟೆ ಕತ್ತರಿಸು, ತಾವರೆ ಕತ್ತರಿಸು, ಮುಖ್ಯ ಅತಿಥಿಯ ಹೆಸರಿನ ಒಂದೊಂದೇ ಅಕ್ಷರ ಕತ್ತರಿಸಿ ಬಂಗಾರದ ಬಣ್ಣ ಹೊಡೆ. ಬಿಳಿ ಕಾಳು ಕೂದಲಿಗೆ, ಬಟ್ಟೆಗೆ, ಕೊನೆಗೆ ಮನೆಯವರೆಗೂ ಅಂಟಿಕೊಂಡು ಬರುತ್ತಿದ್ದವು. ಮಕ್ಕಳು ಕೋಣೆಯ ಹಿಂದೆ ಕೂತು ತಾವೇ ಏನಾದರೂ ಗೀಚಿಕೊಳ್ಳುತ್ತಿದ್ದರು. ಒಂದು ವರ್ಷ ಹಿಂದಿನ ದಿನ ಸಂಜೆ ಅತಿಥಿಯೇ ಬದಲಾದರು. ಹೊಸ ಹೆಸರು ಹಳೆಯದಕ್ಕಿಂತ ಉದ್ದ ಇತ್ತು! ಮಾರನೇ ದಿನ ವೇದಿಕೆ ಮೇಲೆ "ನಮ್ಮ ಶಾಲೆ ಕಲೆಗೆ ಎಷ್ಟು ಒತ್ತು ಕೊಡುತ್ತದೆ ಅಂತ ಈ ಅಲಂಕಾರ ನೋಡಿದರೆ ಗೊತ್ತಾಗುತ್ತದೆ" ಅಂದರು. ಚಪ್ಪಾಳೆಯೂ ಬಿತ್ತು.

ಅಲಂಕಾರ ಮಾಡಿಕೊಡಲು ನಮಗೇನೂ ಬೇಜಾರಿಲ್ಲ. ನಾವೂ ಶಾಲೆಯವರೇ. ಆದರೆ ಅದನ್ನು ಚಿತ್ರಕಲೆಯ ಲೆಕ್ಕಕ್ಕೆ ಬರೆಯಬೇಡಿ, ಅದಕ್ಕಾಗಿ ಮಕ್ಕಳ ಪೀರಿಯಡ್ ತಿನ್ನಬೇಡಿ. ಸರ್ಟಿಫಿಕೇಟ್‌ಗಳ ಮೇಲೆ ಚಂದದ ಅಕ್ಷರದಲ್ಲಿ ಹೆಸರು ಬರೆಯುವುದೂ ಅಷ್ಟೇ. ಕಂಪ್ಯೂಟರ್ ಇದೆ, ಪ್ರಿಂಟರ್ ಇದೆ.

ನಿಮ್ಮ ಕಡೆಯಿಂದಲೂ ಯೋಚನೆ ಮಾಡಿದ್ದೇನೆ. ತಮ್ಮ ಪ್ರದರ್ಶನದ ಗುಂಗಿನಲ್ಲಿ ಕ್ಲಾಸನ್ನು ಮರೆಯುವ ಟೀಚರ್‌ಗಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಮಕ್ಕಳ ಹಾಳೆಯ ಮೇಲೇ ತಮ್ಮ ಶೈಲಿ ಹೇರುವವರೂ ಇದ್ದಾರೆ. ಮಗು ಬರೆದ ಮೂಗು ಸರಿಯಿಲ್ಲ ಅಂತ ಪೆನ್ಸಿಲ್ ಕಿತ್ತುಕೊಂಡು ತಾವೇ ತಿದ್ದುತ್ತಾರೆ. ಬೇಕಿದ್ದರೆ ಪಕ್ಕದಲ್ಲಿ ಬೇರೆ ಹಾಳೆ ಇಟ್ಟು ತೋರಿಸಬೇಕು, ಮಗುವಿನ ಹಾಳೆ ಮುಟ್ಟಬಾರದು ಅನ್ನುವುದು ನಮ್ಮ ವೃತ್ತಿಯ ಮೊದಲ ಶಿಸ್ತು. ಅದನ್ನು ಮುರಿಯುವವರನ್ನು ಕೇಳುವ ಹಕ್ಕು ನಿಮಗಿದೆ, ಕೇಳಿ. ದೊಡ್ಡ ಕಲಾವಿದರೆಲ್ಲ ಒಳ್ಳೆಯ ಟೀಚರ್ ಅಂತಲೂ ನಾನು ಹೇಳುತ್ತಿಲ್ಲ. ಹಾಗೆಯೇ ಚಿತ್ರ ಬರೆಯಲು ಮನಸ್ಸೇ ಇಲ್ಲದ, ಆದರೂ ಮಕ್ಕಳ ಜೊತೆ ಅದ್ಭುತವಾಗಿ ಬೆರೆಯುವ ಕೆಲವರನ್ನೂ ನೋಡಿದ್ದೇನೆ. ಅವರಿಗೆ ಪ್ರದರ್ಶನ ಮಾಡಲೇಬೇಕು ಅಂತ ಒತ್ತಾಯ ಹಾಕಿದರೆ ಅದು ಇನ್ನೊಂದು ಫೈಲ್ ಆಗಿಬಿಡುತ್ತದೆ. ಬೇಕು ಅನ್ನುವವರಿಗೆ ಬಾಗಿಲು ತೆರೆದಿರಲಿ ಅಂತಷ್ಟೇ ಕೇಳುತ್ತಿದ್ದೇನೆ.

ಕೇಳುವುದನ್ನು ನೇರವಾಗಿ ಕೇಳುತ್ತೇನೆ. ಮಕ್ಕಳಿಗೆ ವಾರಕ್ಕೆ ಎರಡು ಬಿಡಿ ಪೀರಿಯಡ್ ಇದ್ದರೆ ಅವನ್ನು ಜೋಡಿಸಿ ಒಂದೇ ಜೋಡಿ ಪೀರಿಯಡ್ ಮಾಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಹಂಚುವುದು, ತೊಳೆಯುವುದು ಒಮ್ಮೆ ಮಾತ್ರ ಆಗುತ್ತದೆ. ಮೇಲಿನ ಲೆಕ್ಕ ಹಿಡಿದರೆ ಒಂದು ಸಲಕ್ಕೆ 20ರ ಬದಲು 60 ನಿಮಿಷ ಸಿಗುತ್ತದೆ. ಆಗ ಹಾಳೆ ಒಣಗುವುದನ್ನು ಮಕ್ಕಳು ಕಾಯಬಹುದು. ಕಾಯುವುದೂ ಪಾಠವೇ.

ಟೀಚರ್‌ಗೆ ವಾರದಲ್ಲಿ ಅರ್ಧ ದಿನ, ಒಟ್ಟಿಗೆ, ಶಾಲೆಯಲ್ಲೇ ಸ್ವಂತ ಕೆಲಸ ಮಾಡಲು ಬಿಡಿ. ರಜೆ ಕೇಳುತ್ತಿಲ್ಲ. ಚಿತ್ರಕಲೆಯ ಕೋಣೆಯಲ್ಲೇ, ಬಾಗಿಲು ತೆರೆದಿಟ್ಟು, ಮಕ್ಕಳು ಬಂದು ಹೋಗಿ ನೋಡುವ ಹಾಗೆ. ದೊಡ್ಡವರೊಬ್ಬರು ಒಂದು ಗೆರೆ ಎಳೆದು, ಸರಿಹೋಗದೆ ಅಳಿಸಿ, ಮತ್ತೆ ಎಳೆಯುವುದನ್ನು ಮಕ್ಕಳು ನೋಡುವುದು ಬಹಳ ಅಪರೂಪ. ಅವರ ಮುಂದೆ ನಾವೆಲ್ಲ ಮೊದಲ ಸಲಕ್ಕೇ ಸರಿ ಉತ್ತರ ಬರೆಯುವವರ ಹಾಗೆ ನಡೆದುಕೊಳ್ಳುತ್ತೇವೆ. ಆ ಅರ್ಧ ದಿನದಲ್ಲಿ ಬದಲಿ ಕ್ಲಾಸಿಗೆ ಕಳಿಸಬೇಡಿ. ಇದು ಮುಖ್ಯ. ಒಮ್ಮೆ ಕಳಿಸಿದರೆ ಮುಂದಿನ ವಾರದಿಂದ ಅದು ಎಲ್ಲರಿಗೂ ಬಿಟ್ಟಿ ಪೀರಿಯಡ್ ಆಗುತ್ತದೆ.

ಕೋಣೆ ಅಂದೆ. ಅದರಲ್ಲಿ ನಲ್ಲಿ ಇರುವ ಒಂದು ಸಿಂಕ್, ಒದ್ದೆ ಹಾಳೆ ಒಣಗಿಸಲು ಒಂದು ರ್‍ಯಾಕ್ ಇದ್ದರೆ ಸಾಕು. ದೊಡ್ಡ ಸ್ಟುಡಿಯೊ ಬೇಡ. ಅರ್ಧ ಮುಗಿದ ಕೆಲಸವನ್ನು ಮಡಚಿ ಬ್ಯಾಗಿಗೆ ತುಂಬಿಕೊಂಡು ಮನೆಗೆ ಒಯ್ಯಬೇಕಾದ ಪರಿಸ್ಥಿತಿ ತಪ್ಪಿದರೆ ಟೀಚರ್‌ಗೂ ಮಕ್ಕಳಿಗೂ ಅದೇ ದೊಡ್ಡ ಲಾಭ.

ವರ್ಷಕ್ಕೊಮ್ಮೆ ಮಕ್ಕಳ ಪ್ರದರ್ಶನ ಇಡುತ್ತೀರಲ್ಲ, ಅದೇ ಗೋಡೆಯ ಮೇಲೆ ಟೀಚರ್ ಚಿತ್ರವೂ ಇರಲಿ. ರಾಥ್ಕೊ ಮಾಡಿದ್ದನ್ನು ತಿರುಗಿಸಿ ಮಾಡೋಣ, ಈ ಸಲ ಜಾಗ ಕೊಡುವವರು ಮಕ್ಕಳಾಗಲಿ. ಟೀಚರ್ ಹೊರಗೆ ಎಲ್ಲಾದರೂ ಪ್ರದರ್ಶನ ಮಾಡಿದರೆ ಅದನ್ನು ಅವರ ಸರ್ವಿಸ್ ದಾಖಲೆಯಲ್ಲಿ ವೃತ್ತಿಯ ಕೆಲಸ ಅಂತಲೇ ಬರೆಯಿರಿ. ತರಬೇತಿಗೆ ಕಳಿಸುವುದಾದರೆ ಫಾರ್ಮ್ ತುಂಬುವುದು ಹೇಗೆ ಅನ್ನುವ ತರಬೇತಿಗೆ ಬೇಡ, ಮಣ್ಣಿನಲ್ಲೋ ಮರದಚ್ಚಿನಲ್ಲೋ ಕೈ ಕೊಳೆ ಮಾಡಿಕೊಳ್ಳುವ ಕಮ್ಮಟಕ್ಕೆ ಕಳಿಸಿ. ಆಲ್ಮಾ ಥಾಮಸ್ ಬೇಸಿಗೆ ರಜೆಗಳಲ್ಲಿ ಓದಿದ್ದನ್ನು ಇಲ್ಲಿ ಶಾಲೆಯೇ ಮಾಡಿಕೊಟ್ಟಂತಾಗುತ್ತದೆ.

ಅಂಕದ ವಿಷಯ ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ಒಂದೇ ದಿನ ಬರೆದ ಒಂದೇ ಚಿತ್ರಕ್ಕೆ ಅಂಕ ಹಾಕಿಸುವ ಬದಲು, ವರ್ಷವಿಡೀ ಬರೆದ ಚಿತ್ರಗಳನ್ನು ಒಂದು ಫೋಲ್ಡರಿನಲ್ಲಿ ಇಡಿಸಿ, ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮುಂದಿನ ವರ್ಷದ ಟೈಮ್‌ಟೇಬಲ್ ಗಣಿತ, ವಿಜ್ಞಾನದಿಂದ ಶುರುವಾಗಿ, ಕೊನೆಗೆ ಉಳಿದ ಖಾಲಿ ಚೌಕಗಳಿಗೆ ಡ್ರಾಯಿಂಗ್ ಅಂತ ತುಂಬುವುದು ನಿಮಗೂ ಗೊತ್ತು, ನಮಗೂ ಗೊತ್ತು. ಈ ಸಲ ಆ ಚೌಕಗಳನ್ನು ತುಂಬುವ ಮೊದಲು ನಿಮ್ಮ ಡ್ರಾಯಿಂಗ್ ಟೀಚರನ್ನು ಕರೆದು ಜೊತೆಗೆ ಕೂರಿಸಿಕೊಳ್ಳಿ. ಯಾವ ಎರಡು ಪೀರಿಯಡ್ ಜೋಡಿಸಬಹುದು, ಯಾವ ಮಧ್ಯಾಹ್ನ ಬಿಡಿಸಬಹುದು ಅನ್ನುವ ಲೆಕ್ಕವನ್ನು ಅವರು ಈಗಾಗಲೇ ಹಾಕಿಟ್ಟುಕೊಂಡಿರುತ್ತಾರೆ. ಹಾಗೆಯೇ ಮೇಲೆ ಕೇಳಿದ ಪ್ರಶ್ನೆಯನ್ನೂ ಅವರಿಗೇ ಕೇಳಿ. ತೋರಿಸಲು ಚಿತ್ರ ಇದ್ದರೆ ತಂದು ತೋರಿಸುತ್ತಾರೆ. ಇಲ್ಲದಿದ್ದರೆ ಯಾಕಿಲ್ಲ ಅಂತ ಹೇಳುತ್ತಾರೆ. ಅದನ್ನೂ ಕೇಳಿಸಿಕೊಳ್ಳಿ.

ಇಂತಿ,
ಒಬ್ಬ ಡ್ರಾಯಿಂಗ್ ಟೀಚರ್